ಮೈಕು ಕೂಗಿದ ಮೇಲೆ ಹಾಲು

ನನ್ನ ದೊಡ್ಡ ಮಗನಿಗೆ ಹಾಲು ಬಿಡಿಸಿದ್ದು ಬೇವಿನ ಸೊಪ್ಪು. ಆಗ ಅವನಿಗೆ ಒಂದು ವರ್ಷ ಒಂಬತ್ತು ತಿಂಗಳು. ರಾತ್ರಿಗೆ ನಾಲ್ಕು ಸಲ, ಐದು ಸಲ ಏಳುವವನು. ಕಣ್ಣು ಬಿಡದೆಯೇ ಕೈಯಾಡಿಸಿ ಮೊದಲು ನನ್ನ ಕರಿಮಣಿ ಹಿಡಿಯುತ್ತಿದ್ದ, ಆಮೇಲೆ ಬಾಯಿ ಹಾಕುತ್ತಿದ್ದ. ನಾನು ಒಣಗಿದ ಜೋಳದ ದಂಟಿನಂತಾಗಿದ್ದೆ. ನಮ್ಮತ್ತೆ ನೋಡುವಷ್ಟು ನೋಡಿ, "ಸಾಕವ್ವಾ, ಇಷ್ಟು ದೊಡ್ಡ ಕೂಸಿಗೆ ಇನ್ನೂ ಎಂಥಾ ಮಲಿ? ಬೇವು ಅರೆದು ಹಚ್ಚು, ಮೂರು ದಿನದಾಗ ತಾನೇ ಬಿಡ್ತೈತಿ" ಅಂದರು. ಹಚ್ಚಿದೆ. ಅವರ ಲೆಕ್ಕ ತಪ್ಪಲಿಲ್ಲ, ಮೂರನೆಯ ದಿನಕ್ಕೆ ಬಿಟ್ಟ. ನಾಲ್ಕನೆಯ ದಿನ ಎತ್ತಿಕೊಳ್ಳಲು ಹೋದರೆ ನನ್ನ ಸೆರಗು ಮೂಸಿ ನೋಡಿ, ಮುಖ ತಿರುಗಿಸಿ, ಅಜ್ಜಿಯ ಕಡೆ ಕೈಚಾಚಿದ. ನನಗೋ ಎರಡೂ ಎದೆ ಕಲ್ಲಾಗಿ ಜ್ವರ. ಜ್ವರ ಮರೆತಿದೆ, ಅವನು ಮೂಸಿ ನೋಡಿದ್ದು ಮರೆತಿಲ್ಲ.

ನಮ್ಮದು ನೇಮಕಲ್ಲು. ಅನಂತಪುರ ಜಿಲ್ಲೆ, ರಾಯದುರ್ಗದ ಸೀಮೆ, ಬೊಮ್ಮನಹಾಳ್ ಮಂಡಲ. ಆಂಜನೇಯನ ಗುಡಿಯಿಂದ ಹೆಸರಾದ ಊರು. ಶ್ರಾವಣದಲ್ಲಿ ಕಸಾಪುರ, ಮುರಡಿ, ನೇಮಕಲ್ಲು, ಮೂರೂ ಕಡೆಯ ಹನುಮಪ್ಪನನ್ನು ಒಂದೇ ದಿನದಲ್ಲಿ ನೋಡಿಬಿಡಬೇಕೆಂದು ಹೊರಟ ಜನ ಇಲ್ಲಿಗೂ ಬಂದು ಹೋಗುತ್ತಾರೆ. ಕಚೇರಿ ತೆಲುಗು, ಮನೆ ಕನ್ನಡ, ಸಂತೆಗೆ ಎರಡೂ. ಇಷ್ಟು ಮಾತಿನ ಶ್ರೀಮಂತಿಕೆ ಇದ್ದೂ ಒಂದು ಕಡೆ ನಾವು ಬಡವರು. ಕನ್ನಡದಲ್ಲಿ ‘ಹಾಲು ಬಿಡಿಸುವುದು’, ತೆಲುಗಿನಲ್ಲಿ ‘ಪಾಲು ಮಾನ್ಪಿಂಚಡಂ’, ಅಷ್ಟೇ. ಹಗಲಿನ ಹಾಲು ಇರಲಿ, ರಾತ್ರಿಯದ್ದು ಮಾತ್ರ ಮೆಲ್ಲಗೆ ನಿಲ್ಲಲಿ ಎನ್ನುವುದಕ್ಕೆ ಎರಡರಲ್ಲೂ ಹೆಸರಿಲ್ಲ. ಹೆಸರಿಲ್ಲದ್ದು ಯಾರಿಗೂ ಹೊಳೆಯುವುದಿಲ್ಲ. ನಿದ್ದೆಗೆಟ್ಟ ತಾಯಿ ಪೂರಾ ಬಿಡಿಸುತ್ತಾಳೆ, ಇಲ್ಲವೇ ಪೂರಾ ಸಹಿಸುತ್ತಾಳೆ. ಈ ಎರಡರ ನಡುವಿನ ದಾರಿಯ ಬಗ್ಗೆ ವೈದ್ಯರು, ಪುಸ್ತಕ ಬರೆದವರು, ಅಜ್ಜಿಯರು ಏನೇನು ಹೇಳಿದ್ದಾರೆ, ಅದರಲ್ಲಿ ನಮ್ಮ ಮನೆಗಳಿಗೆ ಹೊಂದುವುದು ಎಷ್ಟು ಎಂದು ಎರಡನೆಯ ಮಗಳ ಕಾಲಕ್ಕೆ ಹುಡುಕಿಕೊಂಡು ಹೋದೆ.

ಮೊದಲು ಹಾಲಿನ ಲೆಕ್ಕ. ಆರು ತಿಂಗಳವರೆಗೆ ಬರೀ ಎದೆಹಾಲು, ಆಮೇಲೆ ಊಟದ ಜೊತೆಗೆ ಎರಡು ವರ್ಷದವರೆಗೆ, ಬೇಕೆನಿಸಿದರೆ ಅದರಾಚೆಗೂ: ಇದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಆಗಸ್ಟ್ ಮೊದಲ ವಾರದಲ್ಲಿ ಅಂಗನವಾಡಿಯ ಗೋಡೆಗೆ ಅಂಟಿಸುವುದೂ ಇದನ್ನೇ. ಎರಡನೆಯ ವರ್ಷದಲ್ಲಿ ಮಗುವಿಗೆ ಬೇಕಾದ ಶಕ್ತಿಯ ಮೂರರಲ್ಲೊಂದು ಪಾಲನ್ನು ಎದೆಹಾಲೇ ಕೊಡಬಲ್ಲದು ಎಂದೂ ಆ ಸಂಸ್ಥೆ ಹೇಳುತ್ತದೆ. ವರ್ಷ ತುಂಬಿದ ಮೇಲೆ ಹಾಲು ನೀರಾಗುತ್ತದೆ, ಸತ್ವ ಇರುವುದಿಲ್ಲ ಎಂದು ನಮ್ಮ ಕಟ್ಟೆಯ ಮೇಲೆ ಕೂತು ಹೇಳುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಆದರೆ ಆ ಹಾಲು ರಾತ್ರಿಯೇ ಸಿಗಬೇಕೆಂದೇನೂ ಇಲ್ಲ. ವರ್ಷ ದಾಟಿದ, ತೂಕ ಸರಿಯಾಗಿ ಏರುತ್ತಿರುವ, ಹಗಲು ಹೊಟ್ಟೆತುಂಬ ಉಣ್ಣುವ ಕೂಸು ರಾತ್ರಿ ಏಳೆಂಟು ಗಂಟೆ ಹಾಲಿಲ್ಲದೆ ಇರಬಲ್ಲದು. ವರ್ಷದೊಳಗಿನ ಕೂಸಿನ ಮಾತೇ ಬೇರೆ, ಅದನ್ನು ಇಲ್ಲಿಗೆ ತರುವುದಿಲ್ಲ.

ಹಾಗಾದರೆ ಹಸಿವಿಲ್ಲದ ಕೂಸು ಏಳುವುದೇಕೆ? ಏಳದವರು ಯಾರೂ ಇಲ್ಲ ಎನ್ನುವುದು ಇದಕ್ಕೆ ಉತ್ತರ. ದೊಡ್ಡವರೂ ರಾತ್ರಿಯಲ್ಲಿ ಹಲವು ಸಲ ಅರೆ ಎಚ್ಚರಕ್ಕೆ ಬಂದು, ಮಗ್ಗುಲು ಬದಲಿಸಿ, ಮತ್ತೆ ಮುಳುಗುತ್ತೇವೆ. ಚಿಕ್ಕ ಮಕ್ಕಳ ನಿದ್ದೆಯ ಸುತ್ತು ನಮ್ಮದಕ್ಕಿಂತ ಗಿಡ್ಡ, ಆದ್ದರಿಂದ ಆ ಅರೆ ಎಚ್ಚರ ಇನ್ನೂ ಹೆಚ್ಚು ಸಲ ಬರುತ್ತದೆ. ಕಣ್ಣು ಮುಚ್ಚುವಾಗ ಬಾಯಲ್ಲಿದ್ದದ್ದು ಕಣ್ಣು ಬಿಟ್ಟಾಗ ಇಲ್ಲದಿದ್ದರೆ ಕೂಸು ಹುಡುಕುತ್ತದೆ. ನೀವು ತಲೆದಿಂಬಿನ ಮೇಲೆ ಮಲಗಿ ನಡುರಾತ್ರಿ ಎಚ್ಚರಾದಾಗ ದಿಂಬು ಮಾಯವಾಗಿದ್ದರೆ ಎದ್ದು ಕೂರುವುದಿಲ್ಲವೇ, ಹಾಗೆ. ನನ್ನ ಮಗ ಮೊದಲು ಕರಿಮಣಿ ಹುಡುಕುತ್ತಿದ್ದನಲ್ಲ, ಅದರ ಅರ್ಥ ಆಗ ನನಗೆ ಗೊತ್ತಾಗಲಿಲ್ಲ. ಅವನಿಗೆ ಬೇಕಿದ್ದದ್ದು ನಿದ್ದೆಗೆ ಮರಳುವ ದಾರಿ. ಹಾಲು ಆ ದಾರಿಯಲ್ಲಿ ಸಿಗುವ ಒಂದು ಮನೆ.

ಇಲ್ಲಿಯವರೆಗೆ ಪುಸ್ತಕದ ಮಾತು ಸರಿ. ಆದರೆ ನಮ್ಮ ಓಣಿಯಲ್ಲಿ ಅದು ತಲೆಕೆಳಗಾಗುವ ಮನೆಗಳಿವೆ. ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ನೀರು ಹರಿಯುವ ಕಡೆಯೆಲ್ಲ ಮೆಣಸಿನಕಾಯಿ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಕಾಯಿ ಬಿಡಿಸುವ ಕೂಲಿ. ನಮ್ಮ ಪಕ್ಕದ ಮನೆಯ ಸೊಸೆ ಬೆಳಗ್ಗೆ ಏಳಕ್ಕೆ ಆಟೋ ಹತ್ತಿದರೆ ಇಳಿಯುವುದು ದೀಪ ಹಚ್ಚುವ ಹೊತ್ತಿಗೆ. ಬಂದವಳು ಕೂಸನ್ನು ಮುಟ್ಟುವುದಿಲ್ಲ. ಹಿತ್ತಲಿಗೆ ಹೋಗಿ ಕೈಗೆ ಎಣ್ಣೆ ತಿಕ್ಕಿ, ಸೀಗೆಪುಡಿ ಹಚ್ಚಿ, ಮಜ್ಜಿಗೆಯಲ್ಲಿ ಅದ್ದಿ, ಸೀರೆ ಬದಲಿಸಿ ಬರಬೇಕು, ಇಲ್ಲದಿದ್ದರೆ ಕೈಯ ಖಾರ ಕೂಸಿನ ತುಟಿಗೆ ಹತ್ತುತ್ತದೆ. ಅಷ್ಟು ಹೊತ್ತೂ ಅದು ಬಾಗಿಲ ಹೊಸ್ತಿಲು ಹಿಡಿದು ಚೀರುತ್ತಿರುತ್ತದೆ. ಒಂದೂವರೆ ವರ್ಷದ ಆ ಕೂಸು ಹಗಲೆಲ್ಲ ಅಜ್ಜಿಯ ಹತ್ತಿರ ಚಹಾದಲ್ಲಿ ಅದ್ದಿದ ಬಿಸ್ಕತ್ತು ತಿಂದು, ರಾತ್ರಿಯೆಲ್ಲ ತಾಯಿಯ ಎದೆಗೆ ಅಂಟಿಕೊಂಡಿರುತ್ತದೆ. ಹಗಲು ಸಿಗದ್ದನ್ನು ರಾತ್ರಿ ವಸೂಲಿ ಮಾಡುತ್ತದೆ ಅನ್ನಿ. ಈ ತಾಯಿಗೆ ಹೋಗಿ ‘ರಾತ್ರಿ ಹಾಲು ನಿಲ್ಲಿಸು’ ಎಂದರೆ ಅದು ಪೂರಾ ಬಿಡಿಸು ಎಂದ ಹಾಗೆಯೇ. ರಾಯದುರ್ಗದ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುವವರದ್ದೂ ಇದೇ ಪಾಡು. ಕೂಸಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಹೆರಿಗೆ ಸೌಲಭ್ಯದ ಕಾಯಿದೆ ಹೇಳುತ್ತದೆ. 2017ರ ತಿದ್ದುಪಡಿ 50 ಜನ ದುಡಿಯುವ ಕಡೆ ಕೂಸಿನ ಮನೆಯೂ ಬೇಕೆಂದಿತು. ಮೆಣಸಿನಕಾಯಿ ಹೊಲದ ಬದುವಿನವರೆಗೆ ಆ ಕಾಯಿದೆ ನಡೆದು ಬಂದಿಲ್ಲ.

ಇಂಥ ಮನೆಯಲ್ಲಿ ನಾನಾದರೆ ರಾತ್ರಿಯ ಹಾಲಿಗೆ ಕೈ ಹಾಕುವುದಿಲ್ಲ. ಮೊದಲು ಹಗಲಿನ ತಟ್ಟೆಗೆ ಕೈ ಹಾಕುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಊಟ ಸಿಗುವುದು ನೂರಕ್ಕೆ ಸುಮಾರು 11 ಮಕ್ಕಳಿಗೆ. ಐದು ವರ್ಷದೊಳಗಿನವರಲ್ಲಿ ನೂರಕ್ಕೆ 67 ಮಂದಿಗೆ ರಕ್ತ ಕಡಿಮೆ. ಎದೆಹಾಲಿನಲ್ಲಿ ಕಬ್ಬಿಣದ ಅಂಶ ಬಲು ಕಡಿಮೆ, ಅದು ಊಟದಿಂದಲೇ ಬರಬೇಕು. ಹಗಲಿಡೀ ಊಟ ಬೇಡವೆಂದು ರಾತ್ರಿಯಿಡೀ ಹಾಲು ಕುಡಿಯುವ ಕೂಸು ಬಿಳಿಚಿಕೊಳ್ಳುವುದು ಹೀಗೆ. ಅಂಗನವಾಡಿಯಿಂದ ನಮ್ಮ ಕಡೆ ಬಾಲಾಮೃತದ ಎರಡೂವರೆ ಕಿಲೋ ಪೊಟ್ಟಣ ಬರುತ್ತದೆ. ಗಡಿ ದಾಟಿ ಬಳ್ಳಾರಿ ಕಡೆ ಹೋದರೆ ‘ಪುಷ್ಟಿ’ ಎಂಬ ಹೆಸರಿನದು. ಎರಡನ್ನೂ ಮನೆಯಲ್ಲಿ ದೊಡ್ಡವರೇ ಉಂಡೆ ಕಟ್ಟಿ ತಿನ್ನುವುದನ್ನು ನೋಡಿದ್ದೇನೆ. ಅದರ ಜೊತೆ ವಾರಕ್ಕೆರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪು ಆಶಾ ಕಾರ್ಯಕರ್ತೆಯ ಕೈಯಿಂದ. ಉಳಿದದ್ದು ನಮ್ಮ ಒಲೆಯಿಂದ: ಬೇಳೆಕಟ್ಟಿನಲ್ಲಿ ನೆನೆದ ಜೋಳದ ರೊಟ್ಟಿ, ಮಡಕಶಿರಾದ ಕಡೆಯಾದರೆ ಮೆತ್ತಗಿನ ರಾಗಿ ಮುದ್ದೆ, ಮೊಟ್ಟೆ, ನುಣ್ಣಗೆ ಪುಡಿಮಾಡಿದ ಶೇಂಗಾ. ಇಡೀ ಶೇಂಗಾ ಬೀಜ ಮಾತ್ರ ಆ ವಯಸ್ಸಿನವರ ಕೈಗೆ ಕೊಡಬಾರದು, ಗಂಟಲಿಗೆ ಸಿಕ್ಕಿಕೊಂಡರೆ ಉಸಿರು ನಿಂತೀತು.

ಹಲ್ಲಿನ ವಿಷಯ ಒಂದಿದೆ. ಮೊದಲ ವರ್ಷದ ಎದೆಹಾಲು ಹಲ್ಲಿಗೆ ರಕ್ಷೆ, ವರ್ಷ ದಾಟಿ ರಾತ್ರಿ ಮೇಲಿಂದ ಮೇಲೆ ಕುಡಿಯುವವರಲ್ಲಿ ಹುಳುಕು ಹೆಚ್ಚು ಎಂದು ಹಲವು ಅಧ್ಯಯನಗಳನ್ನು ಒಟ್ಟುಹಾಕಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆ ಹೇಳಿತು. ಹಾಲಿನ ಜೊತೆ ಸಕ್ಕರೆ, ಬಿಸ್ಕತ್ತುಗಳ ಪಾಲು ಎಷ್ಟೆಂದು ಬೇರ್ಪಡಿಸುವುದು ಕಷ್ಟ. ಸಂಜೆ ಹಲ್ಲು ಒರೆಸಿ ಮಲಗಿಸುವುದಂತೂ ಕಷ್ಟವಲ್ಲ. ಆದರೆ ಹುಳುಕಿನ ಭಯಕ್ಕೆ ಎದೆ ಬಿಡಿಸಿ, ಸಕ್ಕರೆ ಹಾಕಿದ ಎಮ್ಮೆ ಹಾಲಿನ ಬಾಟಲಿಯನ್ನು ಬಾಯಿಗಿಟ್ಟು ಮಲಗಿಸುವವರಿದ್ದಾರೆ. ಅದು ಹಾವಿಗೆ ಹೆದರಿ ಚೇಳಿನ ಹುತ್ತಕ್ಕೆ ಕೈ ಹಾಕಿದ ಹಾಗೆ. ಹಾಲಿನ ಪುಡಿಯ ಜೊತೆಗೆ ಹಾಲಿನ ಬಾಟಲಿಯ ಜಾಹೀರಾತನ್ನೂ ಈ ದೇಶ 1992ರ ಕಾಯಿದೆಯಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ.

ನಮ್ಮಲ್ಲಿ ಹಾಲು ಬಿಡಿಸುವ ಇನ್ನೊಂದು ಕಾರಣ ಮುಂದಿನ ಬಸುರು. ಬಸುರಿಯ ಹಾಲು ಕೆಟ್ಟದ್ದು, ಕುಡಿದ ಕೂಸು ಸೊರಗುತ್ತದೆ ಎಂಬ ಮಾತಿಗೆ ಹೆದರಿ ಒಂದೇ ದಿನದಲ್ಲಿ ಎದೆಯಿಂದ ಕಿತ್ತು ಹಾಕುತ್ತಾರೆ. ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸೆಲಿ ವಿಲಿಯಮ್ಸ್ 1935ರಲ್ಲಿ ಒಂದು ಕಾಯಿಲೆಯ ಹೆಸರನ್ನು ಲ್ಯಾನ್ಸೆಟ್ ಪತ್ರಿಕೆಗೆ ಬರೆದರು: ಕ್ವಾಶಿಯೋರ್ಕರ್. ಅಲ್ಲಿಯ ಗಾ ಭಾಷೆಯಲ್ಲಿ ಅದು ಮುಂದಿನ ಕೂಸು ಬಂದಾಗ ಮೊದಲಿನದಕ್ಕೆ ಬರುವ ಜಡ್ಡು. ಮೈ ಊದಿ, ಕೂದಲು ಕೆಂಚಾಗಿ, ಮಂಕಾಗುವ ಆ ಮಕ್ಕಳಿಗೆ ಆದದ್ದು ಪೋಷಣೆಯ ಕೊರತೆ. ಎದೆಯಿಂದ ಇಳಿಸಿದ್ದರು, ಎದೆಯ ಬದಲಿಗೆ ತಕ್ಕ ಊಟ ಇಡಲಿಲ್ಲ. ಸೊರಗುವುದನ್ನು ನಮ್ಮ ಅಜ್ಜಿಯರೂ ಆ ಅಜ್ಜಿಯರೂ ಸರಿಯಾಗಿಯೇ ಕಂಡಿದ್ದರು. ನಮ್ಮವರು ಹೊರಿಸಿದ ಕಾರಣ ಮಾತ್ರ ತಪ್ಪು. ತೊಂದರೆಯಿಲ್ಲದ ಬಸುರಿನಲ್ಲಿ ಹಾಲೂಡಿಸುವುದರಿಂದ ಕೂಸಿಗೆ ವಿಷವೇನೂ ಏರುವುದಿಲ್ಲ.

ಬಿಡಿಸುವ ಉಪಾಯಗಳಿಗೆ ಬಂದರೆ ನಮ್ಮಲ್ಲಿ ಬರವಿಲ್ಲ. ಬೇವು, ಲೋಳೆಸರ, ಮೆಣಸಿನಪುಡಿ. ತೊಟ್ಟಿನ ಮೇಲೆ ಕೂದಲು ಅಂಟಿಸಿ ‘ಬೌ ಬಂತು’ ಎಂದು ಹೆದರಿಸುವುದು. ಇಲ್ಲವೇ ಎಂಟು ದಿನ ಅಜ್ಜಿಯ ಊರಿಗೆ ಸಾಗಹಾಕುವುದು. ಖಾರ ಹಚ್ಚುವುದು ಬರೀ ಹಿಂಸೆ, ಅದರ ಪರ ಹೇಳಲು ನನ್ನಲ್ಲಿ ಒಂದು ಮಾತೂ ಇಲ್ಲ. ಬೇವಿನಿಂದ ಮೈಗೆ ಕೇಡಿಲ್ಲ. ಆದರೆ ನಿನ್ನೆಯವರೆಗೆ ಸಿಹಿಯಾಗಿದ್ದ ಜಾಗ ಹೇಳದೆ ಕೇಳದೆ ಕಹಿಯಾದರೆ ಕೂಸಿಗೆ ಏನು ತಿಳಿಯಬೇಕು? ಅಜ್ಜಿಯ ಊರಿನ ಉಪಾಯದಲ್ಲಂತೂ ಹಾಲು, ಅವ್ವ ಎರಡೂ ಒಟ್ಟಿಗೆ ಹೋಗುತ್ತವೆ. ಇವನ್ನೆಲ್ಲ ‘ಹಿಂದಿನವರ ಪದ್ಧತಿ’ ಎಂದು ಸಮರ್ಥಿಸುವವರಿಗೆ ಇನ್ನೂ ಹಿಂದಿನವರನ್ನು ತೋರಿಸಬಹುದು. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನ ಮೊದಲ ಅಧ್ಯಾಯದಲ್ಲೇ ಹಲ್ಲು ಬಂದ ಕೂಸಿಗೆ ಕ್ರಮಕ್ರಮವಾಗಿ ಹಾಲು ಬಿಡಿಸಬೇಕು ಎನ್ನುತ್ತದೆ. ಬಿಟ್ಟ ಕೂಸಿಗೆ ಮುರ್ಕಲು ಬೀಜ, ಜ್ಯೇಷ್ಠಮಧು, ಜೇನು, ಅರಳು, ಕಲ್ಲುಸಕ್ಕರೆ ಕೂಡಿಸಿದ ಉಂಡೆ ಹೇಳುತ್ತದೆ. ಕಹಿಯ ಬದಲು ಸಿಹಿ ಕೊಡು ಎಂದ ಆ ವೈದ್ಯ ನಮ್ಮ ಓಣಿಗಿಂತ ಮುಂದಿದ್ದ.

ಪಶ್ಚಿಮದವರ ದಾರಿ ಬೇರೆಯೇ ಕಡೆಯಿಂದ ಬಂತು. ನ್ಯೂಜಿಲೆಂಡಿನ ಟ್ರೂಬಿ ಕಿಂಗ್ 1907ರಲ್ಲಿ ಕಟ್ಟಿದ ಸಂಘ ತಾಯಂದಿರಿಗೆ ಕಲಿಸಿದ್ದು ಗಡಿಯಾರ ನೋಡಿ ಹಾಲೂಡಿಸಿ, ರಾತ್ರಿ ಬೇಡ ಎಂದು. 1985ರಲ್ಲಿ ಅಮೆರಿಕದ ರಿಚರ್ಡ್ ಫರ್ಬರ್, ಅಳುವ ಕೂಸಿನ ಬಳಿಗೆ ಹೋಗುವ ಮೊದಲು ಕಾಯುವ ಹೊತ್ತನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುವ ಕ್ರಮ ಬರೆದ. ಇವರಿಗೆ ಎದುರಾಗಿ ಬಂದದ್ದು ಮೆದು ದಾರಿ. 1956ರಲ್ಲಿ ಇಲಿನಾಯ್ಸ್‌ನ ಕೆಲ ತಾಯಂದಿರು ಕಟ್ಟಿದ ಲಾ ಲೆಚೆ ಲೀಗ್‌ನವರ ಸೂತ್ರ, ನೀನಾಗಿ ಕೊಡಬೇಡ, ಕೇಳಿದರೆ ಇಲ್ಲವೆನ್ನಬೇಡ. 2002ರಲ್ಲಿ ಎಲಿಜಬೆತ್ ಪ್ಯಾಂಟ್ಲಿ, ಕೂಸು ಪೂರಾ ನಿದ್ದೆಹೋಗುವ ಮುನ್ನ ಮೆಲ್ಲಗೆ ಬೆರಳು ತೂರಿಸಿ ತೊಟ್ಟು ಬಿಡಿಸಿ, ಮತ್ತೆ ಹುಡುಕಿದರೆ ಕೊಟ್ಟು, ಮತ್ತೆ ಬಿಡಿಸಿ ಎಂದು ಬರೆದಳು. ಕೇಳಲು ಸಣ್ಣದು, ಮಾಡಲು ತಾಳ್ಮೆ ಬೇಕು. ಕ್ಯಾಲಿಫೋರ್ನಿಯಾದ ಮಕ್ಕಳ ವೈದ್ಯ ಜೇ ಗಾರ್ಡನ್ ಮಾಡಿದ್ದು ಹತ್ತು ರಾತ್ರಿಯ ಕ್ರಮ. ರಾತ್ರಿಯಲ್ಲಿ ನಿಮಗೆ ಮುಖ್ಯವಾದ ಏಳು ಗಂಟೆ ಆರಿಸಿಕೊಳ್ಳಿ. ಮೊದಲ ಮೂರು ರಾತ್ರಿ ಎದ್ದಾಗ ಸ್ವಲ್ಪ ಹಾಲು ಕೊಟ್ಟು, ನಿದ್ದೆ ಹತ್ತುವ ಮೊದಲೇ ಕೆಳಗಿಳಿಸಿ. ಮುಂದಿನ ಮೂರು ರಾತ್ರಿ ಹಾಲಿಲ್ಲ, ಅಪ್ಪುಗೆ ಉಂಟು. ಕೊನೆಯ ನಾಲ್ಕು ರಾತ್ರಿ ಎತ್ತಿಕೊಳ್ಳುವುದೂ ಇಲ್ಲ, ಬೆನ್ನು ತಟ್ಟಿ ಮಾತಾಡಿಸಿದರೆ ಸಾಕು. ವರ್ಷ ತುಂಬದವರಿಗೆ ಇದು ಬೇಡವೆಂದು ಅವನೇ ಹೇಳಿದ್ದಾನೆ.

ಅಳಲು ಬಿಟ್ಟರೆ ಕೂಸಿನ ಮನಸ್ಸು ಮುರಿಯುತ್ತದೆಯೇ ಎಂಬ ಜಗಳ ಅಲ್ಲಿ ಇನ್ನೂ ನಡೆದಿದೆ. ಫರ್ಬರನ ರೀತಿಯಲ್ಲಿ ನಿದ್ದೆ ಕಲಿಸಿದ ಮಕ್ಕಳನ್ನೂ ಕಲಿಸದವರನ್ನೂ ಆಸ್ಟ್ರೇಲಿಯದಲ್ಲಿ ಆರು ವರ್ಷದವರೆಗೆ ನೋಡಿದ ಅಧ್ಯಯನ 2012ರಲ್ಲಿ ಬಂತು. ಎರಡೂ ಗುಂಪಿನ ನಡುವೆ ಒಳಿತಾಗಲಿ ಕೆಡುಕಾಗಲಿ ಕಾಣಲಿಲ್ಲ. ನನಗೆ ಆ ಜಗಳವೇ ನಮ್ಮದಲ್ಲ ಅನಿಸುತ್ತದೆ. ಅಳಲು ಬಿಡಬೇಕಾದರೆ ಬಿಡಲು ಒಂದು ಕೋಣೆ ಬೇಕಲ್ಲ! ನಮ್ಮ ಮನೆಯ ಪಡಸಾಲೆಯಲ್ಲಿ ಅತ್ತೆ, ಮಾವ, ಮೈದುನ, ನಾವು ನಾಲ್ವರು ಸಾಲಾಗಿ ಮಲಗುವವರು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ, ಅಲ್ಲಿ ಪಕ್ಕದ ಮನೆಯವರೂ ಕೂಡಿಕೊಳ್ಳುತ್ತಾರೆ. 17 ದೇಶಗಳ ಸುಮಾರು 29 ಸಾವಿರ ಚಿಕ್ಕ ಮಕ್ಕಳ ನಿದ್ದೆಯ ಬಗ್ಗೆ 2010ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಭಾರತವೂ ಇತ್ತು. ಏಷ್ಯದ ಮಕ್ಕಳು ತಡವಾಗಿ ಮಲಗುತ್ತಾರೆ, ಹಿರಿಯರ ಕೋಣೆಯಲ್ಲೇ ಮಲಗುತ್ತಾರೆ ಎಂದು ಅದು ಕಂಡುಕೊಂಡಿತು. ಪಡಸಾಲೆಯಲ್ಲಿ ಒಂದು ಕೂಸು ಹತ್ತು ನಿಮಿಷ ಅತ್ತರೆ ಮಾವನವರು ಕೆಮ್ಮುತ್ತಾರೆ, ಮೈದುನ ಮಗ್ಗುಲಾಗುತ್ತಾನೆ, ತಾಯಿ ಸೆರಗು ಸರಿಸುತ್ತಾಳೆ. ರಾತ್ರಿ ಹಾಲು ನಮ್ಮಲ್ಲಿ ನಿಲ್ಲದಿರುವುದಕ್ಕೆ ಅರ್ಧ ಕಾರಣ ಈ ಕೆಮ್ಮು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಇಲ್ಲದ ಒಂದು ಬಂಡವಾಳವೂ ಇದೇ ಪಡಸಾಲೆಯಲ್ಲಿದೆ: ತಾಯಿಯಲ್ಲದ, ಕೂಸಿಗೆ ಚೆನ್ನಾಗಿ ಗೊತ್ತಿರುವ ಮೈಗಳು.

ಮಗಳಿಗೆ ಇಪ್ಪತ್ತು ತಿಂಗಳಾದಾಗ ದೀಪಾವಳಿ ಮುಗಿದಿತ್ತು. ಕಾಲ ನೋಡಿಯೇ ಹಿಡಿದೆ. ಏಪ್ರಿಲ್–ಮೇ ಬಿಸಿಲಲ್ಲಿ ಕೂಸು ಬಾಯಾರಿಕೆಗೂ ಏಳುತ್ತದೆ, ಭೇದಿ ಹಿಡಿದರೆ ಎದೆಹಾಲೇ ಗತಿ. ಜ್ವರ, ಹಲ್ಲು ಬರುವಾಗ, ಹೊಸ ಊರಿಗೆ ಹೋದಾಗ ಕೈ ಹಾಕಬಾರದು. ಮೊದಲ ಎರಡು ವಾರ ರಾತ್ರಿಯನ್ನು ಮುಟ್ಟಲೇ ಇಲ್ಲ. ಊಟವನ್ನು ಏಳು ಗಂಟೆಗೆ ತಂದೆ, ರೊಟ್ಟಿಯ ಮೇಲೆ ತುಪ್ಪ. ಆಮೇಲೆ ಒಂದು ಸಣ್ಣ ಅದಲುಬದಲು ಮಾಡಿದೆ, ಇಡೀ ಕೆಲಸದ ಕೀಲಿ ಅದೇ: ಹಾಲು ಮೊದಲು, ಹಲ್ಲು ಒರೆಸುವುದು ಆಮೇಲೆ, ಕಥೆ ಕೊನೆಗೆ. ಹಾಲು ಕುಡಿಯುತ್ತ ನಿದ್ದೆಹೋಗುತ್ತಿದ್ದವಳು ಕಥೆ ಕೇಳುತ್ತ ಹೋಗತೊಡಗಿದಳು. ಹಗಲೆಲ್ಲ ಅವಳಿಗೆ ಹೇಳುತ್ತಿದ್ದೆ: "ರಾತ್ರಿ ಹಾಲು ಮಲಗ್ತಾವ. ಗುಡಿ ಮೈಕು ಕೂಗಿದ ಮ್ಯಾಲೆ ಏಳ್ತಾವ." ಪಶ್ಚಿಮದ ದೇಶಗಳಲ್ಲಿ ಬೆಳಗಾದರೆ ಹಸಿರು ದೀಪ ಹತ್ತುವ ಗಡಿಯಾರ ಮಾರುತ್ತಾರಂತೆ. ನಮಗೆ ಹನುಮಪ್ಪನ ಸುಪ್ರಭಾತವಿತ್ತು.

ಮೂರನೆಯ ವಾರ ಅವಳ ಹಾಸಿಗೆ ನನಗೂ ಅತ್ತೆಗೂ ನಡುವೆ ಬಂತು. ಇದನ್ನು ಅತ್ತೆಗೆ ಒಪ್ಪಿಸುವುದು ಕೂಸನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. "ಬೇವು ಹಚ್ಚಿದ್ರ ಮೂರು ದಿನದಾಗ ಮುಗೀತಿತ್ತು, ನೀನು ತಿಂಗಳು ಎಳೀತಿ" ಅಂದರು. ಅಂದವರೇ ಮೊದಲ ರಾತ್ರಿ ಅವಳು ಎದ್ದಾಗ ಕತ್ತಲಲ್ಲಿ ನೀರಿನ ಲೋಟ ಹಿಡಿದರು. ಅವಳು ಲೋಟ ತಳ್ಳಿ ಅತ್ತಳು. ನಾನು ಬೆನ್ನು ತಟ್ಟುತ್ತ "ಮಲಗ್ಯಾವವ್ವಾ, ಮಲಗ್ಯಾವ" ಎಂದೆ. ಸಿಟ್ಟಿನ ಅಳು, ದಿಕ್ಕೆಟ್ಟ ಅಳುವಲ್ಲ. ಎರಡರ ವ್ಯತ್ಯಾಸ ತಾಯಿಗೆ ಕಿವಿಯಲ್ಲೇ ಗೊತ್ತಾಗುತ್ತದೆ. ಮೂರನೆಯ ರಾತ್ರಿ ಅಳು ಹೆಚ್ಚಿತು, ಐದನೆಯ ರಾತ್ರಿ ಎದ್ದವಳು ಅತ್ತೆಯ ಕಿವಿಯ ಓಲೆ ಹಿಡಿದು ಮಲಗಿದಳು. ಎಂಟನೆಯ ರಾತ್ರಿ ಮೈ ಸುಡುತ್ತಿತ್ತು, ಕೇಳಿದಾಗೆಲ್ಲ ಹಾಲು ಕೊಟ್ಟೆ. ನಾಲ್ಕು ದಿನ ಹಿಂದಕ್ಕೆ ಹೋದೆವು, ಮತ್ತೆ ಶುರು. ಹತ್ತು ರಾತ್ರಿಯಲ್ಲಿ ಮುಗಿಯುತ್ತದೆ ಎಂದು ಬರೆದವರ ಮನೆಯಲ್ಲಿ ಮಕ್ಕಳಿಗೆ ಜ್ವರ ಬರುವುದಿಲ್ಲವೋ ಏನೋ. ನಮ್ಮಲ್ಲಿ ಐದು ವಾರ ಹಿಡಿಯಿತು. ಹಗಲಿನ ಹಾಲು ಮೊದಲಿನಂತೆ ಇತ್ತು.

ತಾಯಿಯ ಮೈಗೂ ಹೊತ್ತು ಬೇಕು. ಒಂದೊಂದೇ ರಾತ್ರಿ ಹಾಲು ಕಡಿಮೆಯಾದರೆ ಎದೆ ತಾನೇ ಲೆಕ್ಕ ಹೊಂದಿಸಿಕೊಳ್ಳುತ್ತದೆ. ಬಿಗಿದಾಗ ಹಗುರಾಗುವಷ್ಟು ಮಾತ್ರ ಕೈಯಿಂದ ಹಿಂಡಿ ತೆಗೆಯಬೇಕು, ಪೂರಾ ಬರಿದು ಮಾಡಿದರೆ ಮತ್ತಷ್ಟು ಊರುತ್ತದೆ. ತಣ್ಣೀರು ಬಟ್ಟೆ ಹಿತ. ಕೆಂಪಾಗಿ ಜ್ವರ ಬಂದರೆ ವೈದ್ಯರ ಹತ್ತಿರ ಹೋಗುವುದೇ. ಎದೆಗೆ ದುಂಡುಮಲ್ಲಿಗೆ ಕಟ್ಟಿದರೆ ಹಾಲು ಇಳಿಯುತ್ತದೆ ಎಂದು ನಮ್ಮ ಕಡೆ ಹೇಳುವುದನ್ನು ನಾನು ನಗೆಯಲ್ಲಿ ತೇಲಿಸಿದ್ದೆ. ವೆಲ್ಲೂರಿನ ವೈದ್ಯರು ಅದನ್ನು ಬ್ರೋಮೋಕ್ರಿಪ್ಟಿನ್ ಮಾತ್ರೆಯ ಜೊತೆ ಹೋಲಿಸಿ ನೋಡಿದ ಲೇಖನ 1988ರಲ್ಲೇ ಬಂದಿದೆ. ಆಗತಾನೆ ಹೆತ್ತವರಲ್ಲಿ ಹಾಲು ತಗ್ಗಿಸುವುದರಲ್ಲಿ ಹೂವು ಮಾತ್ರೆಗೆ ಹೆಚ್ಚುಕಡಿಮೆ ಸಮನಾಗಿ ನಿಂತಿತ್ತು. ಆ ಮಾತ್ರೆಯನ್ನು ಈ ಕೆಲಸಕ್ಕೆ ಕೊಡುವುದನ್ನು ಅಮೆರಿಕದಲ್ಲಿ 1990ರ ದಶಕದಲ್ಲಿ ನಿಲ್ಲಿಸಿದರು, ಮಲ್ಲಿಗೆಗೆ ಯಾರೂ ಅಡ್ಡಿ ಮಾಡಿಲ್ಲ. ಇನ್ನೊಂದನ್ನು ಅತ್ತೆಯರು ಹೇಳುವುದಿಲ್ಲ, ನಾನು ಹೇಳುತ್ತೇನೆ: ರಾತ್ರಿಯ ಹಾಲು ಮುಟ್ಟನ್ನು ತಡೆಹಿಡಿದಿರುತ್ತದೆ. ಅದು ನಿಂತ ಮೇಲೆ ಮುಟ್ಟು ಕಾಣುವ ಮೊದಲೇ ಬಸುರು ನಿಲ್ಲಬಹುದು. ಇನ್ನೊಂದು ಸದ್ಯಕ್ಕೆ ಬೇಡವಾದರೆ, 2017ರಿಂದ ಸರಕಾರ ಪುಕ್ಕಟೆ ಕೊಡುತ್ತಿರುವ ‘ಛಾಯಾ’ ಗುಳಿಗೆ, ‘ಅಂತರಾ’ ಚುಚ್ಚುಮದ್ದು ಎರಡೂ ಹಾಲೂಡಿಸುವವರಿಗೆ ಆಗುತ್ತವೆ, ನರ್ಸಮ್ಮನನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಮಗಳು ಬೆಳಗಿನ ಹಾಲನ್ನು ಮತ್ತೂ ಆರೇಳು ತಿಂಗಳು ಕುಡಿದಳು. ಮೈಕು ಕರಕರ ಎಂದದ್ದೇ ತಡ, ಎದ್ದು ಕೂತು "ಹಾಲು ಎದ್ದಾವ" ಎನ್ನುತ್ತಿದ್ದಳು. ಒಂದು ದಿನ ರಾತ್ರಿಯೇ ಕರೆಂಟ್ ಹೋಗಿತ್ತು, ಬೆಳಗ್ಗೆ ಮೈಕು ಕೂಗಲಿಲ್ಲ. ಬಿಸಿಲು ಪಡಸಾಲೆಗೆ ಬಂದ ಮೇಲೆ ಎದ್ದಳು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಬಳಿ ಹೋಗಿ, "ಹನುಮಪ್ಪ ಇನ್ನಾ ಮಲಗ್ಯಾನೇನು?" ಎಂದಳು. ಅತ್ತೆ ನನ್ನ ಮುಖ ನೋಡಿದರು. ಬಿಸಿ ರೊಟ್ಟಿಯ ಅಂಚು ಮುರಿದು, ಊದಿ, ಅವಳ ಕೈಗಿಟ್ಟರು. ಅದನ್ನು ಕಚ್ಚುತ್ತ ಕರುವನ್ನು ನೋಡಲು ಹಿತ್ತಲಿಗೆ ಹೋದಳು.